ಕದರಮಂಡಲಗಿಯ ಹೊಲದಲ್ಲಿ ನಕ್ಷೆ ತೆರೆಯಲು ಎಷ್ಟು ಸೆಕೆಂಡ್?

ನಮ್ಮಲ್ಲಿ ಸರ್ಕಾರಿ ಆ್ಯಪ್ ಯಶಸ್ಸನ್ನು ಅಳೆಯೋದು ಡೌನ್‌ಲೋಡ್ ಲೆಕ್ಕದಲ್ಲಿ. ಅದು ಎಷ್ಟು ಬೇಗ ಕೆಲಸ ಮಾಡುತ್ತೆ ಅಂತ ಕೇಳೋರು ಕಡಿಮೆ. ಭೂಮಿ, ನಕ್ಷೆ, ಬೆಳೆ ಈ ಮೂರರ ವಿಷಯದಲ್ಲಿ ಆ ಪ್ರಶ್ನೆಯೇ ರಾಜಕೀಯ ಪ್ರಶ್ನೆ ಅನ್ನೋದು ನನ್ನ ವಾದ.

ದಿಶಾಂಕ್ ಆ್ಯಪ್ ನೋಡಿ. ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿಯ ಮೆಣಸಿನಕಾಯಿ ಹೊಲದಲ್ಲಿ ನಿಂತು ತೆರೆದರೆ, ಕಾಲಡಿಯ ಸರ್ವೆ ನಂಬರ್ ತೋರಿಸಬೇಕು. ಹಿಂದೆ ಇದಕ್ಕೆ ತಾಲ್ಲೂಕು ಕಚೇರಿ ಅಲೆಯಬೇಕಿತ್ತು, ಹಾಗಾಗಿ ಇದು ಸಣ್ಣ ಸಾಧನೆ ಅಲ್ಲ. ಆದರೆ ಆ ಚಿತ್ರ ಫೋನಿನಲ್ಲಿ ಮೊದಲೇ ಕೂತಿರೋದಿಲ್ಲ. ದೂರದ ಸರ್ವರ್ ಡೇಟಾಬೇಸಿನಿಂದ ಗಡಿರೇಖೆ ತೆಗೆದು, ಬಣ್ಣ ಹಾಕಿ, ಚಿತ್ರ ಮಾಡಿ ಕಳಿಸಬೇಕು. ಇಂಟರ್‌ನೆಟ್ ನಕ್ಷೆಗಳಲ್ಲಿ ಸಾಮಾನ್ಯವಾಗಿ ಈ ಚಿತ್ರಗಳು 256 ಪಿಕ್ಸೆಲ್ ಅಗಲ-ಎತ್ತರದ ಚೌಕಗಳು. ಒಂದೊಂದು ಹಂತ ಝೂಮ್ ಮಾಡಿದಾಗಲೂ ಚೌಕಗಳ ಸಂಖ್ಯೆ ನಾಲ್ಕು ಪಟ್ಟು. 18ನೇ ಹಂತಕ್ಕೆ ಇಡೀ ಭೂಮಿಗೆ ಸುಮಾರು 6,870 ಕೋಟಿ ಚೌಕ. ಎಲ್ಲವನ್ನೂ ಮೊದಲೇ ಮಾಡಿಡೋಕಾಗಲ್ಲ. ಜನ ಹೆಚ್ಚು ನೋಡುವ ಜಾಗದ ಚೌಕಗಳು ಕ್ಯಾಶ್‌ನಲ್ಲಿ ಸಿದ್ಧವಾಗಿರುತ್ತವೆ, ಉಳಿದವನ್ನು ಕೇಳಿದಾಗ ಮಾಡಬೇಕು. ಬೆಂಗಳೂರಿನ ಎಂ.ಜಿ. ರಸ್ತೆ ಯಾವ ಗುಂಪಿಗೆ, ಕದರಮಂಡಲಗಿಯ ಹೊಲ ಯಾವ ಗುಂಪಿಗೆ ಸೇರುತ್ತೆ, ನೀವೇ ಊಹಿಸಿ.

ಇದನ್ನು ಅಳೆಯೋ ಕಲೆ ಹೊಸದಲ್ಲ. ಮುಕ್ತ ತಂತ್ರಾಂಶದವರ ಫಾಸ್‌ಫೋರ್‌ಜಿ ಸಮ್ಮೇಳನದಲ್ಲಿ 2007ರಿಂದ ಕೆಲವು ವರ್ಷ ನಕ್ಷೆ ಸರ್ವರ್‌ಗಳ ಬಹಿರಂಗ ಪರೀಕ್ಷೆ ನಡೀತು. 2010ರ ಬಾರ್ಸಿಲೋನಾದಲ್ಲಿ ಮ್ಯಾಪ್‌ಸರ್ವರ್, ಜಿಯೋಸರ್ವರ್, ಮ್ಯಾಪ್ನಿಕ್ ಜೊತೆಗೆ ಒರಾಕಲ್‌ನಂಥ ಕಂಪನಿಯೂ ಇತ್ತು. ಎಲ್ಲರಿಗೂ ಒಂದೇ ಯಂತ್ರ, ಒಂದೇ ದತ್ತಾಂಶ. ಏಕಕಾಲಕ್ಕೆ ಕೇಳುವವರ ಸಂಖ್ಯೆ ಏರಿಸುತ್ತಾ ಹೋಗಿ, ಯಾವುದು ಎಲ್ಲಿ ಏದುಸಿರು ಬಿಡುತ್ತೆ ಅಂತ ನೋಡೋದು. ಬೇರೆ ಬೇರೆ ಜಾಗ, ಬೇರೆ ಬೇರೆ ಅಳತೆಯ ಚಿತ್ರ ಕೇಳುತ್ತಿದ್ದರು, ಹಳೇ ಚಿತ್ರ ತೋರಿಸಿ ಪಾಸಾಗೋ ಹಾಗಿರಲಿಲ್ಲ. ಗೆದ್ದವರು ಯಾರು ಅನ್ನೋದಕ್ಕಿಂತ, ಪರೀಕ್ಷೆಯ ನೆಪದಲ್ಲಿ ಎಲ್ಲರೂ ತಮ್ಮ ತಂತ್ರಾಂಶ ಸರಿಮಾಡಿಕೊಂಡಿದ್ದು ನನಗೆ ದೊಡ್ಡದಾಗಿ ಕಾಣುತ್ತೆ.

ನಮ್ಮ ಕಥೆಗೆ ಬರೋಣ. 2020ರ ಮುಂಗಾರಿನಿಂದ ರೈತರೇ ಆ್ಯಪ್ ಮೂಲಕ ಬೆಳೆ ಸಮೀಕ್ಷೆ ಮಾಡಬಹುದು. ಹೊಲದಲ್ಲೇ ನಿಂತು ಫೋಟೊ ತೆಗೆಯಬೇಕು. ವಿಮೆ, ಬೆಂಬಲ ಬೆಲೆ, ಬೆಳೆಹಾನಿ ಪರಿಹಾರ ಎಲ್ಲಕ್ಕೂ ಆ ಮಾಹಿತಿ ಬೇಕು. ಗಡುವು ಹತ್ತಿರ ಬಂದಾಗ ಇಡೀ ರಾಜ್ಯ ಒಟ್ಟಿಗೆ ಬಾಗಿಲು ಬಡಿಯುತ್ತೆ. ಇಂಥಲ್ಲಿ ಸರಾಸರಿ ವೇಗ ಅನ್ನೋದು ಶುದ್ಧ ಮೋಸ. ನೂರರಲ್ಲಿ ತೊಂಬತ್ತು ಜನಕ್ಕೆ ಅರ್ಧ ಸೆಕೆಂಡ್, ಹತ್ತು ಜನಕ್ಕೆ ಮೂವತ್ತು ಸೆಕೆಂಡ್ ಆದರೂ ಸರಾಸರಿ ನಾಲ್ಕು ಸೆಕೆಂಡ್ ಕೂಡ ದಾಟಲ್ಲ. ಆ ಹತ್ತು ಜನ ಯಾರು? ನೆಟ್‌ವರ್ಕ್ ಒಂದು ಕಡ್ಡಿ ಇರೋ ಊರಿನವರು, ಹಳೇ ಫೋನಿನವರು.

‘ಅದು ಟವರ್ ಸಮಸ್ಯೆ, ಸರ್ವರ್ ಸಮಸ್ಯೆ ಅಲ್ಲ’ ಅನ್ನೋ ಉತ್ತರ ಬರುತ್ತೆ. ಇರಬಹುದು. ಎರಡನ್ನೂ ಬೇರೆ ಬೇರೆ ಅಳೆದು ತೋರಿಸಿದರೆ ಒಪ್ಪೋಣ. ಟೆಂಡರ್‌ನಲ್ಲೇ ಷರತ್ತು ಹಾಕಿ: ಗಡುವಿನ ವಾರದ ದಟ್ಟಣೆಯಲ್ಲಿ, ಕ್ಯಾಶ್ ಖಾಲಿ ಮಾಡಿ, ಹಳ್ಳಿಗಳ ಸರ್ವೆ ನಂಬರ್‌ಗಳನ್ನೇ ಕೇಳಿ ಪರೀಕ್ಷೆ ಆಗಬೇಕು, ನೂರರಲ್ಲಿ 95ನೆಯವರಿಗೆ ಎಷ್ಟು ಹೊತ್ತಾಯ್ತು ಅನ್ನೋ ಅಂಕಿ ತಾಲ್ಲೂಕುವಾರು ಪ್ರಕಟವಾಗಬೇಕು. ಇದಕ್ಕೆ ಬೇಕಾದ ಜೆಮೀಟರ್ ಥರದ ಸಾಧನ ಪುಕ್ಕಟೆ ಸಿಗುತ್ತೆ.