ಫಾರ್ಮಸಿ ಸರಿ, ಆದ್ರೆ ಯಾವ ಫಾರ್ಮಸಿ?

ಸಿಇಟಿ ರಿಸಲ್ಟ್ ಬಂದು ಆಪ್ಷನ್ ಎಂಟ್ರಿ ಶುರುವಾಗೋ ಹೊತ್ತಿಗೆ ನಮ್ಮಂಥ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಊರಲ್ಲಿ ಇದ್ದಕ್ಕಿದ್ದ ಹಾಗೆ ಬೆಲೆ ಬಂದುಬಿಡುತ್ತೆ. ಚಿಕ್ಕಪ್ಪನ ಮಗಳು, ಪಕ್ಕದ ಮನೆ ಹುಡುಗ, ಅಮ್ಮನ ಗೆಳತಿಯ ಮಗ, ಎಲ್ಲರೂ ಫೋನ್ ಮಾಡ್ತಾರೆ. ನಾವೂ ಕಾಲೇಜು ಕೋಡು, ಹೋದ ವರ್ಷದ ಕಟಾಫು ಎಲ್ಲವನ್ನೂ ಬಾಯಿಪಾಠ ಒಪ್ಪಿಸ್ತೀವಿ. ಕೊನೆಗೆ ಫೋನ್ ಇಡೋ ಮುಂಚೆ ಒಂದು ಮಾತು ಸೇರಿಸ್ತೀವಿ: "ಯಾವುದಕ್ಕೂ ಕೆಳಗೆ ಒಂದೆರಡು ಫಾರ್ಮಸಿ ಹಾಕಿಡು." ನೀಟ್ ಕೈಕೊಟ್ಟವರಿಗೂ ಇದೇ ಸಮಾಧಾನ: "ಮೆಡಿಕಲ್ ಇಲ್ಲದಿದ್ರೆ ಏನಂತೆ, ಫಾರ್ಮಸಿ ಇದೆಯಲ್ಲ."

ನನ್ನ ತಕರಾರು ಇರೋದು ಈ ಕೊನೆಯ ಮಾತಿನ ಮೇಲೆ. ಫಾರ್ಮಸಿ ಕೆಟ್ಟದ್ದು ಅಂತ ಅಲ್ಲ. ನಾವು "ಫಾರ್ಮಸಿ" ಅಂತ ಒಂದೇ ಪದದಲ್ಲಿ ಹೇಳಿ ಮುಗಿಸೋದು ನಿಜವಾಗಿ ಮೂರು ಬೇರೆ ಬೇರೆ ಕೋರ್ಸ್. ಮೂರೂ ಬೇರೆ ಬೇರೆ ಕಡೆ ತಲುಪಿಸುತ್ತವೆ. ಯಾವುದು ಅಂತ ಹದಿನೇಳು ಹದಿನೆಂಟರ ವಯಸ್ಸಿನಲ್ಲೇ ತೀರ್ಮಾನ ಆಗಿಬಿಡುತ್ತೆ, ಆಮೇಲೆ ಬದಲಾಯಿಸೋದು ದುಬಾರಿ. ಆದ್ದರಿಂದ ಈ ಸಲಹೆಯನ್ನ ಪಟ್ಟಿಯ ಬಾಲಕ್ಕೆ ಅಂಟಿಸೋ ಬದಲು, ಮುಂದೆ ಮಾಡಬೇಕಾದ ಕೆಲಸದಿಂದ ಹಿಂದಕ್ಕೆ ಲೆಕ್ಕ ಹಾಕಿ ಕೊಡಬೇಕು.

ಮೊದಲನೆಯದು ಡಿ.ಫಾರ್ಮ್. 2 ವರ್ಷದ ಡಿಪ್ಲೊಮಾ, ಜೊತೆಗೆ 500 ಗಂಟೆಯ ಪ್ರಾಯೋಗಿಕ ತರಬೇತಿ. ನೋಂದಣಿಗೆ ಬೇಕಾದ ಉಳಿದ ಷರತ್ತುಗಳನ್ನೂ ಪೂರೈಸಿದರೆ ರಾಜ್ಯ ಫಾರ್ಮಸಿ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿ ಫಾರ್ಮಸಿಸ್ಟ್ ಆಗಬಹುದು. ಸ್ವಂತ ಮೆಡಿಕಲ್ ಶಾಪ್ ಹಾಕಬೇಕು, ಬೇಗ ದುಡಿಮೆ ಶುರು ಮಾಡಬೇಕು ಅನ್ನೋರಿಗೆ ಇದು ನೇರ ದಾರಿ. ಮುಂದೆ ಓದಬೇಕು ಅನ್ನಿಸಿದ್ರೆ ಬಿ.ಫಾರ್ಮ್‌ನ ಎರಡನೇ ವರ್ಷಕ್ಕೆ ಲ್ಯಾಟರಲ್ ಎಂಟ್ರಿ ಇದೆ, ನಮ್ಮಲ್ಲಿ ಡಿಪ್ಲೊಮಾದವರು ಬರೋ ಹಾಗೆ.

ಎರಡನೆಯದು ಬಿ.ಫಾರ್ಮ್. 4 ವರ್ಷ, 8 ಸೆಮಿಸ್ಟರ್. ಇದು ನಮ್ಮ ಬಿ.ಇ.ಗೆ ಹತ್ತಿರದ ಸಂಬಂಧಿ. ಮೆಡಿಸಿನಲ್ ಕೆಮಿಸ್ಟ್ರಿ, ಫಾರ್ಮಕಾಲಜಿ, ಇಂಡಸ್ಟ್ರಿಯಲ್ ಫಾರ್ಮಸಿ, ಇನ್‌ಸ್ಟ್ರುಮೆಂಟಲ್ ಅನಾಲಿಸಿಸ್ ಎಲ್ಲ ಇದರಲ್ಲಿ ಬರುತ್ತೆ. ಔಷಧ ಕಾರ್ಖಾನೆ, ಕ್ವಾಲಿಟಿ ಕಂಟ್ರೋಲ್, ಫಾರ್ಮುಲೇಷನ್ ಸಂಶೋಧನೆ, ಡ್ರಗ್ ಇನ್‌ಸ್ಪೆಕ್ಟರ್ ಹುದ್ದೆ, ಇವೆಲ್ಲ ಇದರ ಕಡೆಯ ಬಾಗಿಲುಗಳು. ಇದಾದ ಮೇಲೆ ಜಿಪ್ಯಾಟ್ ಅಥವಾ ಪಿಜಿಸಿಇಟಿ ಬರೆದು ಎಂ.ಫಾರ್ಮ್‌ಗೆ ಹೋಗಬಹುದು.

ಮೂರನೆಯದು ಫಾರ್ಮ್.ಡಿ. ನಮ್ಮ ದೇಶದಲ್ಲಿ ಇದರ ನಿಯಮಾವಳಿ ಬಂದದ್ದೇ 2008ರಲ್ಲಿ. ಒಟ್ಟು 6 ವರ್ಷ: 5 ವರ್ಷ ಓದು, 1 ವರ್ಷ ಇಂಟರ್ನ್‌ಶಿಪ್. ಇದರ ಮುಖ ಕಾರ್ಖಾನೆ ಕಡೆಗಲ್ಲ, ಆಸ್ಪತ್ರೆ ವಾರ್ಡ್ ಕಡೆಗೆ. ಇಂಟರ್ನ್‌ಶಿಪ್‌ನಲ್ಲಿ 6 ತಿಂಗಳು ಜನರಲ್ ಮೆಡಿಸಿನ್, ಉಳಿದ 6 ತಿಂಗಳು ಇನ್ನು ಮೂರು ವಿಭಾಗಗಳಲ್ಲಿ ಎರಡೆರಡು ತಿಂಗಳು. ಒಬ್ಬ ರೋಗಿ ತಗೊಳ್ತಿರೋ ಏಳು ಮಾತ್ರೆಗಳಲ್ಲಿ ಯಾವುದಕ್ಕೂ ಯಾವುದಕ್ಕೂ ಆಗಿಬರಲ್ಲ, ಕಿಡ್ನಿ ಸೋತಿರುವಾಗ ಡೋಸ್ ಎಷ್ಟು ಇಳಿಸಬೇಕು ಅಂತ ನೋಡೋದು ಇವರ ವಿದ್ಯೆ. ಬಿ.ಫಾರ್ಮ್ ಮುಗಿಸಿದವರು 3 ವರ್ಷದ ಪೋಸ್ಟ್ ಬ್ಯಾಕಲಾರಿಯೇಟ್ ಫಾರ್ಮ್.ಡಿ ಕೂಡ ಮಾಡಬಹುದು. ಆದರೆ ಆಗ ಒಟ್ಟು 7 ವರ್ಷ ಆಗುತ್ತೆ, ಮತ್ತು ಅದರ ಸೀಟು ಕಾಲೇಜಿಗೆ ಹತ್ತರ ಲೆಕ್ಕದಲ್ಲಿ ಇರೋದು.

ಈಗ ಹೇಳಿ, "ಕೆಳಗೆ ಒಂದೆರಡು ಫಾರ್ಮಸಿ ಹಾಕಿಡು" ಅನ್ನೋ ಸಲಹೆ ಇವುಗಳಲ್ಲಿ ಯಾವುದಕ್ಕೆ? ನಮಗೆ ಯಾರಾದ್ರೂ "ಒಂದೆರಡು ಇಂಜಿನಿಯರಿಂಗ್ ಹಾಕಿಡು" ಅಂದ್ರೆ ಸಿವಿಲ್ಲಾ, ಸಿಎಸ್ಸಾ ಅಂತ ಕೇಳಲ್ವಾ?

ಇನ್ನೊಂದು ಗೊಂದಲ ಅಮೆರಿಕದಿಂದ ಬರುತ್ತೆ. ಅಲ್ಲಿರೋ ಮಾವನೋ ಅಕ್ಕನೋ, "ಅವಸರ ಯಾಕೆ? ಮೊದಲು ಯಾವುದಾದ್ರೂ ಡಿಗ್ರಿ ಓದಲಿ, ಆಮೇಲೆ ಫಾರ್ಮಸಿ ಸ್ಕೂಲ್‌ಗೆ ಅಪ್ಲೈ ಮಾಡಲಿ" ಅಂತಾರೆ. ಅವರು ಸುಳ್ಳು ಹೇಳ್ತಿಲ್ಲ. ಅಲ್ಲಿನ ವ್ಯವಸ್ಥೆ ಇರೋದೇ ಹಾಗೆ. ಅಮೆರಿಕದಲ್ಲಿ ಪ್ರಿ-ಫಾರ್ಮಸಿ ಅನ್ನೋದು ಸಾಮಾನ್ಯವಾಗಿ ಒಂದು ಡಿಗ್ರಿ ಅಲ್ಲ, ಕೆಲವು ಕಡ್ಡಾಯ ವಿಷಯಗಳ ಪಟ್ಟಿ: ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಬಯಾಲಜಿ, ಅನಾಟಮಿ, ಮೈಕ್ರೋಬಯಾಲಜಿ, ಕ್ಯಾಲ್ಕುಲಸ್, ಸ್ಟ್ಯಾಟಿಸ್ಟಿಕ್ಸ್ ಇತ್ಯಾದಿ. ಮೇಜರ್ ಇತಿಹಾಸ ಇರಲಿ, ಇಂಜಿನಿಯರಿಂಗ್ ಇರಲಿ, ಪಟ್ಟಿಯಲ್ಲಿರೋ ವಿಷಯ ಒಳ್ಳೆ ಗ್ರೇಡಲ್ಲಿ ಮುಗಿಸಿದ್ರೆ ಅರ್ಜಿ ಹಾಕಬಹುದು. ಕನಿಷ್ಠ ಎರಡು ವರ್ಷದಷ್ಟು ಇಂಥ ಓದು, ಆಮೇಲೆ ಸಾಮಾನ್ಯವಾಗಿ 4 ವರ್ಷದ ಫಾರ್ಮ್.ಡಿ. ತುಂಬಾ ಜನ ಪೂರ್ತಿ ಡಿಗ್ರಿ ಮುಗಿಸಿಯೇ ಹೋಗ್ತಾರೆ. ಪಿಕ್ಯಾಟ್ ಅಂತ ಒಂದು ಪ್ರವೇಶ ಪರೀಕ್ಷೆ ಇತ್ತು, ಅದನ್ನೂ 2024ರ ಜನವರಿಯಲ್ಲಿ ನಿಲ್ಲಿಸಿದ್ರು. ಈಗ ಗ್ರೇಡು, ಶಿಫಾರಸು ಪತ್ರ, ಸಂದರ್ಶನ ಇಂಥವೇ ಆಧಾರ.

ಹಾಗಂತ ಅಲ್ಲೂ ಆರಾಮಾಗಿ ಕೂತರೆ ಆಗಲ್ಲ. ಜನರಲ್ ಕೆಮಿಸ್ಟ್ರಿ ಆಗದೆ ಆರ್ಗ್ಯಾನಿಕ್ ತಗೊಳ್ಳೋ ಹಾಗಿಲ್ಲ. ಅನಾಟಮಿ, ಮೈಕ್ರೋಬಯಾಲಜಿಗೆ ಮೊದಲು ಬಯಾಲಜಿ ಬೇಕು. ಒಂದರ ಬಾಲಕ್ಕೆ ಇನ್ನೊಂದು ಕಟ್ಟಿರೋದ್ರಿಂದ ಮೊದಲ ಸೆಮಿಸ್ಟರಲ್ಲಿ ಕೆಮಿಸ್ಟ್ರಿ ಬಿಟ್ಟವರು ಒಂದು ವರ್ಷ ಹಿಂದೆ ಬೀಳ್ತಾರೆ. ಸಿಎಸ್‌ನವರಿಗೆ ಹೇಳೋದಾದ್ರೆ ಇದು ಪಕ್ಕಾ ಟೋಪಾಲಾಜಿಕಲ್ ಸಾರ್ಟ್ ಲೆಕ್ಕ. ಆದರೂ ಅಲ್ಲಿ ಒಂದು ದೊಡ್ಡ ಅನುಕೂಲ ಇದೆ: ಇಪ್ಪತ್ತನೇ ವಯಸ್ಸಲ್ಲಿ ಮನಸ್ಸು ಬದಲಾದ್ರೆ ಬಾಗಿಲು ಇನ್ನೂ ತೆರೆದೇ ಇರುತ್ತೆ.

ನಮ್ಮಲ್ಲಿ ಆ ಅನುಕೂಲ ಇಲ್ಲ. ಇಲ್ಲಿ ಬಿ.ಇ. ಮೂರನೇ ವರ್ಷದಲ್ಲಿ ಇರೋ ಒಬ್ಬಳಿಗೆ "ನಾನು ಫಾರ್ಮಸಿಸ್ಟ್ ಆಗಬೇಕಿತ್ತು" ಅನ್ನಿಸಿದ್ರೆ, ಇಲ್ಲಿವರೆಗೆ ಓದಿದ ಕೆಮಿಸ್ಟ್ರಿ, ಮ್ಯಾಥ್ಸ್ ಯಾವುದೂ ಲೆಕ್ಕಕ್ಕೆ ಬರಲ್ಲ. ಪಿಯುಸಿ ಅಂಕಪಟ್ಟಿ ಹಿಡ್ಕೊಂಡು ಮತ್ತೆ ಮೊದಲ ವರ್ಷದಿಂದಲೇ ಶುರು. ಇದು ಬದಲಾಗಬೇಕು, ಬೇರೆ ಪದವಿಯಲ್ಲಿ ಪಾಸಾದ ಮೂಲ ವಿಜ್ಞಾನದ ವಿಷಯಗಳಿಗೆ ಸ್ವಲ್ಪವಾದರೂ ಮಾನ್ಯತೆ ಸಿಗಬೇಕು ಅನ್ನೋದು ನನ್ನ ಅಭಿಪ್ರಾಯ. ಆದರೆ ಬದಲಾಗೋವರೆಗೆ ಅಮೆರಿಕದ ಸಲಹೆಯನ್ನ ಇಲ್ಲಿ ಹಂಚೋದು ಬೇಡ.

ಇದಕ್ಕಿಂತ ದೊಡ್ಡ ಪೆಟ್ಟು ಬೀಳೋದು ವಿದೇಶದ ಕನಸು ಇಟ್ಕೊಂಡು ಬಿ.ಫಾರ್ಮ್ ಸೇರೋರಿಗೆ. ಅಮೆರಿಕದಲ್ಲಿ ಫಾರ್ಮಸಿಸ್ಟ್ ಲೈಸೆನ್ಸ್ ಬೇಕು ಅಂದ್ರೆ ಹೊರದೇಶದಲ್ಲಿ ಓದಿದವರು ಮೊದಲು ಎಫ್‌ಪಿಜಿಇಇ ಅನ್ನೋ ಪರೀಕ್ಷೆ ಬರೀಬೇಕು. ಅದನ್ನ ನಡೆಸೋ ಸಂಸ್ಥೆಯ ನಿಯಮದ ಪ್ರಕಾರ 2003ರ ಜನವರಿ 1ರಿಂದ ಈಚೆಗೆ ಪದವಿ ಪಡೆದವರು ಕನಿಷ್ಠ 5 ವರ್ಷದ ಫಾರ್ಮಸಿ ಕೋರ್ಸ್ ಮುಗಿಸಿರಬೇಕು. ನಮ್ಮ ಬಿ.ಫಾರ್ಮ್ 4 ವರ್ಷದ್ದು. ಅಷ್ಟೇ, ಕಥೆ ಅಲ್ಲಿಗೇ ನಿಂತಿತು. 6 ವರ್ಷದ ಫಾರ್ಮ್.ಡಿ ಮಾಡಿದವರಿಗೆ ಈ ಅಡ್ಡಿ ಇಲ್ಲ. ಆದರೆ ಅವರಿಗೂ ಎಫ್‌ಪಿಜಿಇಇ, ಟೋಫೆಲ್, ಅಲ್ಲಿನ ಇಂಟರ್ನ್‌ಶಿಪ್ ಗಂಟೆಗಳು, ಕೊನೆಗೆ ನ್ಯಾಪ್ಲೆಕ್ಸ್ ಪರೀಕ್ಷೆ, ಇಷ್ಟೂ ದಾಟಬೇಕು. ಹದಿನೆಂಟನೇ ವಯಸ್ಸಲ್ಲಿ ಆಪ್ಷನ್ ಪಟ್ಟಿಯಲ್ಲಿ ಯಾವ ಸಾಲು ಮೇಲೆ, ಯಾವ ಸಾಲು ಕೆಳಗೆ ಅನ್ನೋದು ಎಷ್ಟು ದೂರ ಹೋಗಿ ಮುಟ್ಟುತ್ತೆ ನೋಡಿ. ಬಿ.ಫಾರ್ಮ್ ಮೇಲಿಟ್ಟು ಅದು ಸಿಕ್ಕಿಬಿಟ್ಟರೆ, ಕೆಳಗಿರೋ ಫಾರ್ಮ್.ಡಿಯನ್ನ ಕೆಇಎ ಕಂಪ್ಯೂಟರ್ ತಿರುಗಿಯೂ ನೋಡಲ್ಲ.

ಹಾಗಾದ್ರೆ ಎಲ್ಲರೂ ಫಾರ್ಮ್.ಡಿ ಮಾಡಲಿ ಅಂತಾನಾ? ಖಂಡಿತ ಅಲ್ಲ. 6 ವರ್ಷ ಅಂದ್ರೆ ಮನೆಯವರು ಎರಡು ವರ್ಷ ಹೆಚ್ಚು ಫೀಸು ಕಟ್ಟಬೇಕು, ಎರಡು ವರ್ಷ ತಡವಾಗಿ ಸಂಬಳ ನೋಡಬೇಕು. ಜೊತೆಗೆ ನಮ್ಮ ಆಸ್ಪತ್ರೆಗಳಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್ ಅನ್ನೋ ಹುದ್ದೆ ಇನ್ನೂ ವಾಡಿಕೆ ಆಗಿಲ್ಲ. ವಾರ್ಡಿಗಾಗಿ ತಯಾರಾದ ಹಲವರು ಕೊನೆಗೆ ಫಾರ್ಮಕೋವಿಜಿಲೆನ್ಸ್, ಕ್ಲಿನಿಕಲ್ ರಿಸರ್ಚ್, ಮೆಡಿಕಲ್ ರೈಟಿಂಗ್ ಅಂತ ಕಂಪ್ಯೂಟರ್ ಮುಂದೆ ಕೂರ್ತಾರೆ. ಅವು ಒಳ್ಳೆ ಕೆಲಸಗಳೇ. ಆದರೆ ಅದು ಗೊತ್ತಿದ್ದು ಹೋಗೋದಕ್ಕೂ, ಹೋಗಿ ತಿಳ್ಕೊಳ್ಳೋದಕ್ಕೂ ವ್ಯತ್ಯಾಸ ಇದೆ. ಔಷಧ ತಯಾರಿಕೆಯಲ್ಲಿ ಆಸಕ್ತಿ ಇರೋ ಹುಡುಗನಿಗೆ ಬಿ.ಫಾರ್ಮ್ ಬಿಡಿಸಿ ಫಾರ್ಮ್.ಡಿ ಹಿಡಿಸಿದ್ರೆ ಅದೂ ಅನ್ಯಾಯವೇ.

"ಅಷ್ಟೆಲ್ಲ ಯಾಕೆ, ಒಂದು ಸೀಟು ಅಂತ ಇದ್ರೆ ಸಾಕು, ಮುಂದೆ ನೋಡ್ಕೊಂಡ್ರಾಯ್ತು" ಅನ್ನೋ ವಾದವೂ ಇದೆ. ಅದಕ್ಕೆ ನನ್ನ ಉತ್ತರ ಇಷ್ಟು: ಇದು ಲೈಸೆನ್ಸ್ ಇರೋ ವೃತ್ತಿ. 1948ರ ಫಾರ್ಮಸಿ ಕಾಯ್ದೆ ಪ್ರಕಾರ ವೈದ್ಯರ ಚೀಟಿಗೆ ಔಷಧ ಕೊಡೋ ಅಧಿಕಾರ ನೋಂದಾಯಿತ ಫಾರ್ಮಸಿಸ್ಟ್‌ಗೆ ಮೀಸಲು. ಆದರೂ ಸರ್ಟಿಫಿಕೇಟ್ ಗೋಡೆ ಮೇಲೆ, ಫಾರ್ಮಸಿಸ್ಟ್ ಬೇರೆ ಊರಲ್ಲಿ, ಕೌಂಟರಲ್ಲಿ ಮಾತ್ರೆ ಎಣಿಸೋದು ಇನ್ಯಾರೋ ಅನ್ನೋ ಅಂಗಡಿಗಳ ಬಗ್ಗೆ ನಾವೆಲ್ಲ ಕೇಳಿದ್ದೀವಿ. ಬೇಡದ ಕೋರ್ಸಿಗೆ ತಳ್ಳಿಸಿಕೊಂಡು ಬಂದವನಿಗೆ ಆ ಸರ್ಟಿಫಿಕೇಟನ್ನ ಬಾಡಿಗೆಗೆ ಕೊಡೋದು ದೊಡ್ಡ ವಿಷಯ ಅನ್ನಿಸದೇ ಇರಬಹುದು. ಅದರ ಬೆಲೆ ತೆರೋದು ಚೀಟಿ ಹಿಡಿದು ಬರೋ ನಮ್ಮಜ್ಜಿ.

ಇನ್ನು ನಮ್ಮ ವಿಷಯ. ಔಷಧ ಲೋಕದಲ್ಲಿ ಆಸಕ್ತಿ ಇದೆ ಅಂದಮಾತ್ರಕ್ಕೆ ಇಂಜಿನಿಯರ್ ಎಲ್ಲ ಬಿಟ್ಟು ಮೊದಲ ವರ್ಷಕ್ಕೆ ಹೋಗಬೇಕಿಲ್ಲ. ಔಷಧ ತಯಾರಿಕೆಯ ಮೇಲ್ವಿಚಾರಣೆಗೆ ಯಾರು ಅರ್ಹರು ಅಂತ 1945ರ ಡ್ರಗ್ಸ್ ನಿಯಮಗಳು ಹೇಳೋ ಕಡೆ ಫಾರ್ಮಸಿ ಪದವೀಧರರ ಜೊತೆಗೆ, ಕೆಲವು ವರ್ಷ ತಯಾರಿಕೆಯ ಅನುಭವ ಇರೋ ಕೆಮಿಕಲ್ ಇಂಜಿನಿಯರಿಂಗ್ ಪದವೀಧರರಿಗೂ ಜಾಗ ಇದೆ. ನೈಪರ್ ಸಂಸ್ಥೆಗಳ ಕೆಲವು ಸ್ನಾತಕೋತ್ತರ ಕೋರ್ಸ್‌ಗಳು, ಉದಾಹರಣೆಗೆ ಮೆಡಿಕಲ್ ಡಿವೈಸಸ್, ಇಂಜಿನಿಯರುಗಳನ್ನೂ ತಗೊಳ್ಳುತ್ತವೆ. ಅಂದ್ರೆ ಮಾತ್ರೆ ತಯಾರಿಸೋ ಕಡೆ ನಮಗೆ ದಾರಿ ಉಂಟು, ಮಾತ್ರೆ ರೋಗಿ ಕೈಗೆ ಕೊಡೋ ಕಡೆ ಇಲ್ಲ. ಅದು ಸರಿಯಾಗೇ ಇದೆ. ಎರಡನೆಯದೇ ಬೇಕು ಅನ್ನೋರು ಮಾತ್ರ ಮತ್ತೆ ಶುರು ಮಾಡೋ ಲೆಕ್ಕ ಹಾಕಲಿ, ಅದೂ ಎಷ್ಟು ಬೇಗ ಹಾಕಿದ್ರೆ ಅಷ್ಟು ಒಳ್ಳೆಯದು.

ಈ ಸಲ ಫೋನ್ ಬಂದಾಗ ಕಟಾಫ್ ಹೇಳೋ ಮುಂಚೆ ಮೂರು ಪ್ರಶ್ನೆ ಕೇಳೋಣ. ಮೊದಲನೆಯದು, ನೀನು ದಿನಾ ನಿಂತು ಕೆಲಸ ಮಾಡಬೇಕು ಅಂದ್ಕೊಂಡಿರೋದು ಎಲ್ಲಿ: ಅಂಗಡಿ ಕೌಂಟರಲ್ಲಾ, ಲ್ಯಾಬು ಕಾರ್ಖಾನೆಯಲ್ಲಾ, ವಾರ್ಡಲ್ಲಾ? ಎರಡನೆಯದು, ಮನೆಯವರು ಎಷ್ಟು ವರ್ಷ ಕಾಯಬಲ್ಲರು: 2, 4, 6? ಮೂರನೆಯದು, ಹೊರದೇಶದಲ್ಲಿ ಲೈಸೆನ್ಸ್ ತಗೊಳ್ಳೋ ಆಸೆ ನಿಜವಾಗಿಯೂ ಇದೆಯಾ? ಈ ಮೂರಕ್ಕೆ ಉತ್ತರ ಸಿಕ್ಕರೆ ಕೋರ್ಸ್ ತಾನಾಗೇ ಗೊತ್ತಾಗುತ್ತೆ.

ಜೊತೆಗೆ ಎರಡು ಸಣ್ಣ ಮಾಹಿತಿ ಕೊಡಿ. ಪಿಯುಸಿಯಲ್ಲಿ ಬಯಾಲಜಿ ಇರಲಿಲ್ಲ ಅಂತ ಹೆದರಬೇಕಾಗಿಲ್ಲ. ಫಿಸಿಕ್ಸ್, ಕೆಮಿಸ್ಟ್ರಿ ಜೊತೆ ಮ್ಯಾಥ್ಸ್ ಅಥವಾ ಬಯಾಲಜಿ ಯಾವುದಾದರೊಂದು ಇದ್ರೆ ಸಾಕು. ಮ್ಯಾಥ್ಸ್‌ನವರಿಗೆ ಮೊದಲ ವರ್ಷ ರೆಮಿಡಿಯಲ್ ಬಯಾಲಜಿ ಇರುತ್ತೆ, ಬಯಾಲಜಿಯವರಿಗೆ ರೆಮಿಡಿಯಲ್ ಮ್ಯಾಥ್ಸ್. ಮತ್ತೆ, ಕಾಲೇಜು ಆರಿಸುವಾಗ ಆ ಕೋರ್ಸಿಗೆ ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ ಅನುಮೋದನೆ ಇದೆಯಾ ಅಂತ ನೋಡಲಿ, ಇಲ್ಲದಿದ್ರೆ ಓದಿದ ಮೇಲೂ ನೋಂದಣಿ ಆಗಲ್ಲ. ಫಾರ್ಮ್.ಡಿ ಆದ್ರೆ ಯಾವ ಆಸ್ಪತ್ರೆಗೆ ಕಳಿಸ್ತಾರೆ ಅಂತ ಕೇಳಿ ತಿಳಿಯಲಿ. ನಿಯಮದಲ್ಲಿ ಕನಿಷ್ಠ 300 ಹಾಸಿಗೆಯ ಆಸ್ಪತ್ರೆ ಬೇಕು ಅಂತಿದೆ. ಸಾಧ್ಯವಾದ್ರೆ ಆ ಆಸ್ಪತ್ರೆಗೇ ಒಮ್ಮೆ ಹೋಗಿ, ಫಾರ್ಮ್.ಡಿ ವಿದ್ಯಾರ್ಥಿಗಳು ವಾರ್ಡಲ್ಲಿ ನಿಜವಾಗಿ ಏನು ಮಾಡ್ತಾರೆ ಅಂತ ನೋಡ್ಕೊಂಡು ಬರಲಿ.

ಇದಕ್ಕಿಂತ ಹೆಚ್ಚು ಕೇಳಿದ್ರೆ, ನಾವು ಗೊತ್ತಿರೋ ಥರ ಮಾತಾಡೋದು ಬೇಡ. ಫಾರ್ಮಸಿ ಓದ್ತಿರೋ ಒಬ್ಬರನ್ನ ಹುಡುಕಿ, ಅವರ ಒಪ್ಪಿಗೆ ಕೇಳಿ ನಂಬರ್ ಕೊಡೋಣ. ಎಷ್ಟಾದ್ರೂ ನಮ್ಮ ಬ್ರ್ಯಾಂಚ್ ಬಗ್ಗೆ ಬೇರೆ ಬ್ರ್ಯಾಂಚಿನವರು ಸಲಹೆ ಕೊಟ್ಟರೇನೇ ನಮಗೆ ಉರಿಯುತ್ತೆ.