ಸೂಜಿಗೆ ದಾರ ಹಾಕದ ಸೀರಿಯಲ್ಲುಗಳು

ಕುಡುಮಲಕುಂಟೆ ಕೈಗಾರಿಕಾ ಪ್ರದೇಶದ ಕಡೆಯಿಂದ ಸಂಜೆ ಗೌರಿಬಿದನೂರಿಗೆ ಬರುವ ಬಸ್ಸಿನಲ್ಲಿ ಹೋದ ತಿಂಗಳು ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಗಾರ್ಮೆಂಟ್ಸ್ ಹೆಂಗಸರು ಕೂತಿದ್ದರು. ಒಂದೇ ಇಯರ್‌ಫೋನು, ಒಂದು ತುದಿ ಇವಳ ಕಿವಿಗೆ, ಇನ್ನೊಂದು ಅವಳ ಕಿವಿಗೆ. ಮೊಬೈಲಿನಲ್ಲಿ ಹಿಂದಿನ ರಾತ್ರಿ ತಪ್ಪಿಹೋದ ಸೀರಿಯಲ್ಲು. ನಾಯಕಿ ಹೊಲಿಗೆ ಮಿಷನ್ನಿನ ಮುಂದೆ ಕೂತು ಅಳುತ್ತಿದ್ದಳು. ಇವಳು ನಕ್ಕುಬಿಟ್ಟಳು. 'ಸೂಜಿಗೆ ದಾರಾನೇ ಹಾಕಿಲ್ಲ ನೋಡೇ, ಅದೇನು ಹೊಲೀತಾಳೋ!' ಅಷ್ಟು ಅಂದು ಇಬ್ಬರೂ ಮತ್ತೆ ಆ ಅಳುವಿನೊಳಗೆ ಮುಳುಗಿದರು.

ನನ್ನ ಜಗಳ ಆ ಹೆಂಗಸರ ಜೊತೆಗಲ್ಲ. ದಾರ ಹಾಕದೆ ಕ್ಯಾಮೆರಾ ಓಡಿಸಿದವರ ಜೊತೆಗೆ. ಅದಕ್ಕೂ ಮೊದಲು, ಬರೆಯುವ ಓದುವ ನಮ್ಮಂಥವರ ಜೊತೆಗೆ.

ನಮ್ಮ ಗೆಳೆಯರ ಗುಂಪಿನಲ್ಲಿ ಒಂದು ಮಾತು ಪದೇ ಪದೇ ಬರುತ್ತದೆ: 'ಬ್ರಿಟಿಷರ ಸೀರೀಸ್ ನೋಡ್ರಿ, ಅದು ಡ್ರಾಮಾ ಅಂದ್ರೆ. ನಮ್ಮದು ಅತ್ತೆ ಸೊಸೆ ಗೋಳು.' ಹೇಳುವವರು ನೋಡಿರುವುದು ಶೆರ್ಲಾಕ್, ಡೌನ್‌ಟನ್ ಅಬ್ಬಿ, ದಿ ಕ್ರೌನ್. ಅಂದರೆ ಆ ದೇಶ ಹೊರಗಿನವರಿಗೆಂದು ಜೋಡಿಸಿಟ್ಟ ಶೋಕೇಸು. ಅಲ್ಲಿನ ಸಾಮಾನ್ಯ ಜನ 1960ರ ಡಿಸೆಂಬರಿನಿಂದ ಇವತ್ತಿನವರೆಗೂ ಬಿಡದೆ ನೋಡಿಕೊಂಡು ಬಂದಿರುವುದು 'ಕೊರೊನೇಷನ್ ಸ್ಟ್ರೀಟ್' ಎಂಬ ಸೋಪು. ಅದರಲ್ಲಿ ಏನಿದೆ? ಗುಟ್ಟಾಗಿ ಹುಟ್ಟಿದ ಮಗು, ಮದುವೆ ಮಂಟಪದಲ್ಲಿ ಮುರಿದ ಮದುವೆ, ಸೇಡು, ಕೊಲೆ, ಗಂಟೆಗಟ್ಟಲೆ ಚಾಡಿ. ನಮ್ಮಮ್ಮ ನೋಡುವ ಸೀರಿಯಲ್ಲಿನಲ್ಲಿ ಇರುವುದೆಲ್ಲ ಅಲ್ಲೂ ಇದೆ. ಗೋಳು ಅವರದ್ದೇನು ಕಡಿಮೆಯಲ್ಲ.

ಆದರೆ ಆ ಬೀದಿಯಲ್ಲಿ ಒಂದು ಫ್ಯಾಕ್ಟರಿ ಇದೆ. ಹೆಂಗಸರ ಒಳಉಡುಪು ಹೊಲಿಯುವ ಫ್ಯಾಕ್ಟರಿ, ಹೆಸರು 'ಅಂಡರ್‌ವರ್ಲ್ಡ್'. (ಈ ಶ್ಲೇಷೆಗೆ ನಾನು ಹತ್ತು ಮಾರ್ಕು ಕೊಡುತ್ತೇನೆ.) ಅಲ್ಲಿ ಸಾಲಾಗಿ ಮಿಷನ್ನುಗಳು, ಮಿಷನ್ನಿನ ಹಿಂದೆ ಹೆಂಗಸರು. ಆರ್ಡರ್ ಕೈತಪ್ಪಿದರೆ, ಮಾಲೀಕ ಬದಲಾದರೆ ಅದು ಎಪಿಸೋಡು. 2019ರಲ್ಲಿ ಆ ಫ್ಯಾಕ್ಟರಿಯ ಛಾವಣಿ ಕುಸಿದು ಒಂದು ಪಾತ್ರ ಸತ್ತಿತು. ಛಾವಣಿ ಕುಸಿದದ್ದು ಯಾರಿಂದ ಎನ್ನುವುದೇ ಮುಂದೆ ವಾರಗಟ್ಟಲೆ ಕಥೆಯಾಯಿತು. ಹೆಂಗಸರು ಅಲ್ಲಿ ಪ್ರೀತಿಸುತ್ತಾರೆ, ಮೋಸಹೋಗುತ್ತಾರೆ, ಕಚ್ಚಾಡುತ್ತಾರೆ, ಎಲ್ಲವನ್ನೂ ಕೆಲಸದ ನಡುವೆ ಮಾಡುತ್ತಾರೆ.

ಆ ದೇಶದ ಜನಪ್ರಿಯ ಟಿವಿ ನಾಟಕದ ಬಗೆಗಳನ್ನು ತೆಗೆದು ನೋಡಿ, ಪ್ರತಿಯೊಂದೂ ಒಂದು ಕೆಲಸದ ಜಾಗದ ಮೇಲೆ ನಿಂತಿದೆ. ಪೊಲೀಸ್ ಕಥೆಗೆ ಠಾಣೆ. 1986ರಿಂದ ನಡೆದಿರುವ 'ಕ್ಯಾಶುಯಲ್ಟಿ'ಗೆ ಆಸ್ಪತ್ರೆಯ ತುರ್ತು ವಿಭಾಗ. 'ಕಾಲ್ ದಿ ಮಿಡ್‌ವೈಫ್'ಗೆ ಪೂರ್ವ ಲಂಡನ್ನಿನ ಬಡ ಬೀದಿಗಳಲ್ಲಿ ಸೈಕಲ್ ತುಳಿಯುವ ಸೂಲಗಿತ್ತಿಯರು. ಡೌನ್‌ಟನ್ ಅಬ್ಬಿ ನನಗೆ ಅಷ್ಟಕ್ಕಷ್ಟೆ, ಜಮೀನ್ದಾರರ ಬೆನ್ನು ಸವರುವ ಕಥೆ ಅದು. ಅದರಲ್ಲೂ ಅರ್ಧ ಕಥೆ ನೆಲಮಾಳಿಗೆಯ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದಿನ ನಡುವೆಯೇ ನಡೆಯುತ್ತದೆ.

ನಮ್ಮ ಸೀರಿಯಲ್ಲಿನ ಮನೆಯಲ್ಲಿ ಅಡುಗೆಮನೆ ಇರುತ್ತದೆ, ಒಲೆ ಹೊತ್ತಿರುವುದಿಲ್ಲ. ನಾಯಕ 'ಕಂಪನಿ'ಯ ಒಡೆಯ. ಏನು ತಯಾರಿಸುವ ಕಂಪನಿ ಎಂದು ಸಾವಿರ ಎಪಿಸೋಡು ಕಳೆದರೂ ಗೊತ್ತಾಗುವುದಿಲ್ಲ. ಅಲ್ಲಿ ಒಂದೇ ಕೆಲಸ, ಫೈಲಿಗೆ ಸಹಿ ಹಾಕಿಸಿಕೊಂಡು ಆಸ್ತಿ ಹೊಡೆಯುವುದು.

ಈ ಕೊರತೆಗೆ ಬೆಲೆ ತೆರುವವರು ಯಾರು ಎನ್ನುವುದಕ್ಕೆ ಎರಡು ಸಂಗತಿ ಹೇಳುತ್ತೇನೆ.

ಬ್ರಿಟನ್ನಿನಲ್ಲಿ ಅಂಚೆ ಕಚೇರಿಗಳ ಹೊರೈಜನ್ ಎಂಬ ಕಂಪ್ಯೂಟರ್ ವ್ಯವಸ್ಥೆ ಸುಳ್ಳು ಲೆಕ್ಕ ತೋರಿಸಿತು. ಅದನ್ನು ನಂಬಿ, 1999ರಿಂದ 2015ರವರೆಗೆ, ಸಣ್ಣ ಊರುಗಳ ಒಂಬೈನೂರಕ್ಕೂ ಹೆಚ್ಚು ಸಬ್ ಪೋಸ್ಟ್‌ಮಾಸ್ಟರುಗಳನ್ನು ಕಳ್ಳರೆಂದು ತೀರ್ಮಾನಿಸಲಾಯಿತು. ಕೆಲವರು ಜೈಲಿಗೆ ಹೋದರು, ಕೆಲವರು ಜೀವ ಕಳೆದುಕೊಂಡರು. ಅವರಲ್ಲಿ ಭಾರತ ಮೂಲದವರೂ ಇದ್ದರು. ಪತ್ರಿಕೆಗಳು ವರ್ಷಗಟ್ಟಲೆ ಬರೆದವು, 2019ರಲ್ಲಿ ಕೋರ್ಟಿನಲ್ಲಿ ಗೆಲುವೂ ಸಿಕ್ಕಿತು. ಆದರೂ ದೇಶ ಅಲುಗಾಡಲಿಲ್ಲ. 2024ರ ಜನವರಿ ಮೊದಲ ವಾರ ಐಟಿವಿ ಚಾನೆಲ್ಲು 'ಮಿಸ್ಟರ್ ಬೇಟ್ಸ್ ವರ್ಸಸ್ ದಿ ಪೋಸ್ಟ್ ಆಫೀಸ್' ಎಂಬ ನಾಲ್ಕು ಕಂತಿನ ನಾಟಕ ಹಾಕಿತು. ಕೌಂಟರಿನ ಹಿಂದೆ ಕೂತ ಹೆಂಗಸೊಬ್ಬಳು ಪರದೆಯ ಮೇಲೆ ಕೊರತೆಯ ಮೊತ್ತ ತನ್ನೆದುರಿಗೇ ಇಮ್ಮಡಿಯಾಗುವುದನ್ನು ನೋಡುವ ಒಂದು ದೃಶ್ಯವಿದೆ. ಕೋರ್ಟಿನ ತೀರ್ಪಿಗೆ ಕದಲದ ಜನ ಅದಕ್ಕೆ ಕದಲಿದರು. ಅದೇ ವರ್ಷ ಮೇ ತಿಂಗಳಲ್ಲಿ ಪಾರ್ಲಿಮೆಂಟು ಕಾಯ್ದೆ ಮಾಡಿ ಆ ಶಿಕ್ಷೆಗಳನ್ನು ಸಾರಾಸಗಟಾಗಿ ರದ್ದು ಮಾಡಿತು.

ಇನ್ನೊಂದು ನಮ್ಮದು. 2016ರ ಏಪ್ರಿಲ್ 18 ಮತ್ತು 19. ಪಿಎಫ್ ಹಣವನ್ನು 58 ವರ್ಷ ತುಂಬುವವರೆಗೆ ಪೂರ್ತಿ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಮಿಷನ್ ಆಫ್ ಮಾಡಿ ಬೀದಿಗೆ ಬಂದರು. ಸಾವಿರಾರು ಜನ ಹೊಸೂರು ರಸ್ತೆ, ತುಮಕೂರು ರಸ್ತೆಗಳಲ್ಲಿ ನಿಂತರು. ಕರೆ ಕೊಟ್ಟ ದೊಡ್ಡ ನಾಯಕರಿಲ್ಲ, ವೇದಿಕೆ ಇಲ್ಲ, ಮೈಕಿಲ್ಲ. ಲಾಠಿ ಬಿತ್ತು, ಅಶ್ರುವಾಯು ಸಿಡಿಯಿತು, ಬಸ್ಸುಗಳು ಸುಟ್ಟವು. ಎರಡನೇ ದಿನ ಸಂಜೆಗೆ ಕೇಂದ್ರ ಸರ್ಕಾರ ನಿಯಮ ವಾಪಸ್ ಪಡೆಯಿತು. ಆ ಉಪಕಾರ ಆದದ್ದು ದೇಶದ ಪಿಎಫ್ ಚಂದಾದಾರರಿಗೆಲ್ಲ, ಸಾಫ್ಟ್‌ವೇರ್ ಕಂಪನಿಯವರೂ ಸೇರಿದಂತೆ. ಮದುವೆ ಖರ್ಚಿಗೆ, ಮಗುವಿನ ಫೀಸಿಗೆ, ಬಾಣಂತನಕ್ಕೆಂದು ಕಟ್ಟಿಟ್ಟ ದುಡ್ಡು, ಮನೆಯಲ್ಲಿ ಬೇಡವೆಂದ ಗಂಡ, ಗೇಟಿನಲ್ಲಿ ತಡೆದ ಸೂಪರ್‌ವೈಸರು. ಸೀರಿಯಲ್ಲಿಗೆ ಬೇಕಾದ ಮಸಾಲೆಯೆಲ್ಲ ಅದರಲ್ಲಿದೆ. ಇಷ್ಟು ವರ್ಷಗಳಲ್ಲಿ ಅದರ ಮೇಲೆ ಒಂದು ಕನ್ನಡ ಧಾರಾವಾಹಿಯನ್ನು ನಾನಂತೂ ನೋಡಿಲ್ಲ. ನೋಡಿದವರಿದ್ದರೆ ಹೇಳಿ, ಕ್ಷಮೆ ಕೇಳುತ್ತೇನೆ.

ಚಾನೆಲ್ಲಿನವರ ಉತ್ತರ ನನಗೆ ಬಾಯಿಪಾಠ. 'ಜನ ನೋಡಲ್ಲ ಸಾರ್, ಟಿಆರ್‌ಪಿ ಬರಲ್ಲ.' ಹಾಗಾದರೆ ಜೀ ಕನ್ನಡದಲ್ಲಿ 'ಪುಟ್ಟಕ್ಕನ ಮಕ್ಕಳು' ಗೆದ್ದದ್ದು ಹೇಗೆ? ಉಮಾಶ್ರೀ ಅಲ್ಲಿ ಮೆಸ್ ನಡೆಸುವ ಹೆಂಗಸು. ಆಕೆ ಬಡಿಸುತ್ತಾಳೆ, ಲೆಕ್ಕ ಹಾಕುತ್ತಾಳೆ, ಬೆವರು ಒರೆಸಿಕೊಳ್ಳುತ್ತಾಳೆ. ಮುಂದೆ ಅದೂ ಸಂಚು, ಸವತಿ ಎಂದು ಮಾಮೂಲಿ ದಾರಿ ಹಿಡಿಯಿತು ನಿಜ. ಆದರೆ ಜನ ಮೊದಲು ಬಂದು ಕೂತದ್ದು ಆ ಮೆಸ್ಸಿನ ಬೆಂಚಿನ ಮೇಲೆ. ಅದಕ್ಕೂ ಹಿಂದೆ ಟಿ.ಎನ್. ಸೀತಾರಾಂ 'ಮಾಯಾಮೃಗ', 'ಮುಕ್ತ'ಗಳಲ್ಲಿ ಆಫೀಸು, ರಾಜಕೀಯ, ಕೋರ್ಟು ಎಲ್ಲವನ್ನೂ ಮನೆಮನೆಗೆ ತಂದಿದ್ದರು. ಕೋರ್ಟಿನ ವಾದ ಕೇಳಲು ಅಡುಗೆ ಬಿಟ್ಟು ಬಂದು ಕೂತದ್ದು ನಮ್ಮ ಇದೇ ಅಮ್ಮಂದಿರು.

ಖರ್ಚಿನ ಮಾತೂ ಸುಳ್ಳೇ. ದಿನದ ಬಾಡಿಗೆಗೆ ಬಂಗಲೆ ಹಿಡಿದು, ಮಲಗುವಾಗಲೂ ರೇಷ್ಮೆ ಸೀರೆ ಉಡಿಸುವವರಿಗೆ ಒಂದು ತಗಡಿನ ಶೆಡ್ಡು, ಇಪ್ಪತ್ತು ಹಳೇ ಮಿಷನ್ನು ದುಬಾರಿಯೇ?

ಇನ್ನು ಡಬ್ಬಿಂಗ್ ಕಥೆ. ದಶಕಗಳ ಕಾಲ ಡಬ್ಬಿಂಗ್ ಬಂದರೆ ಕನ್ನಡತನ ಹಾಳಾಗುತ್ತದೆ ಎಂದು ಬಾಗಿಲು ಹಾಕಿದರು. 2012ರಲ್ಲಿ ಆಮೀರ್ ಖಾನನ 'ಸತ್ಯಮೇವ ಜಯತೇ' ಕೂಡ ಕನ್ನಡ ಮಾತಾಡಿಕೊಂಡು ನಮ್ಮ ಟಿವಿಗೆ ಬರಲಾಗಲಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗ ಅದು ತಪ್ಪೆಂದು ದಂಡ ಹಾಕಿತು. ಕಲಾವಿದರ, ತಂತ್ರಜ್ಞರ ಅನ್ನದ ಪ್ರಶ್ನೆಯನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಬೇಲಿ ಹಾಕಿ ಉಳಿಸಿಕೊಂಡ ಹೊಲದಲ್ಲಿ ಬೆಳೆದದ್ದೇನು? ತೆಲುಗು, ತಮಿಳು, ಹಿಂದಿ ಸೀರಿಯಲ್ಲುಗಳ ರೀಮೇಕು. ಸಂಭಾಷಣೆ ನಮ್ಮದು, ಮನೆ ಯಾರದ್ದೋ.

ಮಾತಿನದೂ ಒಂದು ತಕರಾರಿದೆ. 'ಹ್ಯಾಪಿ ವ್ಯಾಲಿ' ಎಂಬ ಪೊಲೀಸ್ ನಾಟಕದ ಸಾರ್ಜೆಂಟ್ ಕ್ಯಾಥರೀನ್ ಯಾರ್ಕ್‌ಷೈರಿನ ತನ್ನ ಊರಿನ ಮಾತನ್ನೇ ಆಡುತ್ತಾಳೆ. ಲಂಡನ್ನಿನವರು ಕಷ್ಟಪಟ್ಟಾದರೂ ಕೇಳಿಸಿಕೊಳ್ಳುತ್ತಾರೆ. ನಮ್ಮ ಗೌರಿಬಿದನೂರು, ಬಾಗೇಪಲ್ಲಿ ಕಡೆ ಒಂದೇ ಜಗಳದಲ್ಲಿ ಬೈಗುಳ ತೆಲುಗಿನಲ್ಲಿ ಶುರುವಾಗಿ ರಾಜಿ ಕನ್ನಡದಲ್ಲಿ ಮುಗಿಯುತ್ತದೆ. ಆ ಮಾತು ಟಿವಿಗೆ ಬಂದರೆ ಕೆಲಸದಾಕೆಯ ಬಾಯಲ್ಲಿ, ನಗಿಸಲಿಕ್ಕೆ.

ಬಸ್ಸು ಗೌರಿಬಿದನೂರು ಸ್ಟ್ಯಾಂಡಿಗೆ ಬಂತು. ಆಕೆ ಇಯರ್‌ಫೋನು ಸುತ್ತಿ ಬ್ಯಾಗಿಗೆ ಹಾಕಿಕೊಂಡಳು. ತಡೆಯದೆ ಕೇಳಿಯೇಬಿಟ್ಟೆ, 'ನಿಮ್ಮ ಫ್ಯಾಕ್ಟರೀಲಿ ನಡೆಯೋದನ್ನ ಸೀರಿಯಲ್ ಮಾಡಿದ್ರೆ ನೋಡ್ತೀರಾ?' ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. 'ನಮ್ ಲೈನ್ ಸೂಪರ್‌ವೈಸರ್ ಪಾರ್ಟು ಯಾರ್ ಮಾಡ್ತಾರಣ್ಣ?' ಅಂದಳು. ಗೆಳತಿ ಅಷ್ಟರಲ್ಲಿ ಒಬ್ಬ ನಟನ ಹೆಸರು ಹೇಳಿಯೂ ಆಗಿತ್ತು. ಅವನು ಬೇಡ, ಇನ್ನೂ ದಪ್ಪ ಇರಬೇಕು ಎಂದು ವಾದ ಮಾಡುತ್ತಾ ಇಬ್ಬರೂ ಇಳಿದುಹೋದರು.