ಚಳಿಗಾಲದ ಆಟಕ್ಕೆ ಒಂದು ಕಣ ಬೇಕು

ಚಳಿಗಾಲ ಶುರುವಾದರೆ ಸಾಕು, ವಾಟ್ಸ್‌ಆ್ಯಪ್‌ನಲ್ಲಿ ಮಕ್ಕಳ ಬಗ್ಗೆ ಸಲಹೆಗಳು ಬರತೊಡಗುತ್ತವೆ. ಕಿವಿಗೆ ಟೋಪಿ ಹಾಕಿ, ಕಾಲಿಗೆ ಸಾಕ್ಸ್ ಹಾಕಿ, ಐಸ್‌ಕ್ರೀಂ ಕೊಡಬೇಡಿ, ಸಂಜೆ ಮಂಜಿಗೆ ಬಿಡಬೇಡಿ. ಎಲ್ಲವೂ ಸರಿಯೇ. ಆದರೆ ನಮ್ಮ ಪೂರಿಗಾಲಿ ಕಡೆ ಚಳಿ ಎಂದರೆ ಬೆಳಗಿನ ಜಾವ ಹೆಚ್ಚೆಂದರೆ 15-16 ಡಿಗ್ರಿ. ಹತ್ತು ಗಂಟೆಗೆ ಬಿಸಿಲೇರಿದರೆ ಮೈಮೇಲಿನ ಸ್ವೆಟರ್ ಸೊಂಟಕ್ಕೆ ಇಳಿಯುತ್ತದೆ. ಈ ಚಳಿಗೆ ನೆಗಡಿ ಆಗಬಹುದು, ಮೂಗು ಸೋರಬಹುದು. ಕೈಕಾಲು ಮುರಿಯುವುದು ರಸ್ತೆಯಲ್ಲಿ. ಅದರ ಬಗ್ಗೆ ಒಂದು ಸಲಹೆಯೂ ನನ್ನ ಮೊಬೈಲಿಗೆ ಇದುವರೆಗೆ ಬಂದಿಲ್ಲ.

ಪೂರಿಗಾಲಿ ಎಂದರೆ ಹೊರಗಿನವರಿಗೆ ಹನಿ ನೀರಾವರಿ ಯೋಜನೆಯ ಹೆಸರು. ಮಂಡ್ಯ ಜಿಲ್ಲೆ ಎಂದರೆ ಎಲ್ಲೆಲ್ಲೂ ನಾಲೆ, ಗದ್ದೆ, ಕಬ್ಬು ಎಂದುಕೊಂಡವರು ಮಳವಳ್ಳಿ ತಾಲ್ಲೂಕಿನ ನಮ್ಮ ಮೇಡು ಹೊಲಗಳನ್ನು ನೋಡಬೇಕು. ಇಲ್ಲಿ ರಾಗಿ, ಹುರುಳಿ. ನವೆಂಬರ್‌ನಿಂದ ರಾಗಿ ಕೊಯ್ಲು, ಅದರ ಹಿಂದೆಯೇ ಹುರುಳಿ ಕೀಳುವುದು. ಸಂಕ್ರಾಂತಿಯ ಆಚೀಚೆ ಊರಿಂದ ಊರಿಗೆ ಹೋಗುವ ಟಾರು ರಸ್ತೆಯ ಮೇಲೆಲ್ಲ ರಾಗಿ ತೆನೆ, ಹುರುಳಿ ಸೊಪ್ಪು. ಬಸ್ಸು, ಟ್ರ್ಯಾಕ್ಟರು, ಬೈಕುಗಳೆಲ್ಲ ನಮ್ಮ ರೈತರಿಗೆ ಪುಕ್ಕಟೆ ಒಕ್ಕಣೆ ಮಾಡಿಕೊಟ್ಟು ಹೋಗುತ್ತವೆ.

ಮಕ್ಕಳು ಬರುವುದು ಇದೇ ಹುಲ್ಲಿನ ಗುಡ್ಡೆಗೆ. ಯಾಕೆ ಬರುತ್ತಾರೆ ಎಂದು ಕೇಳುವ ದೊಡ್ಡವರು ತಾವು ಮಕ್ಕಳಾಗಿದ್ದುದನ್ನು ಮರೆತಿದ್ದಾರೆ. ಹುಲ್ಲು ಮೆತ್ತಗೆ ಇರುತ್ತದೆ, ಎಷ್ಟು ಎತ್ತರದಿಂದ ಹಾರಿದರೂ ಏಟಾಗುವುದಿಲ್ಲ. ಒಳಗೆ ತೂರಿಕೊಂಡರೆ ಬೆಚ್ಚಗೆ. ಹಗಲೆಲ್ಲ ಕಾದ ಟಾರು ಸಂಜೆ ಆರರವರೆಗೂ ಬಿಸಿಯಾಗಿಯೇ ಇರುತ್ತದೆ. ಚಳಿಗಾಲದ ಸಂಜೆ ನಾಯಿಗಳೂ ರಸ್ತೆ ಮಧ್ಯದಲ್ಲೇ ಮಲಗುವುದು ಇದಕ್ಕೇ. ಕಣ್ಣಾಮುಚ್ಚಾಲೆ ಆಡುವ ಮಗುವಿಗೆ ಹುರುಳಿ ಸೊಪ್ಪಿನ ರಾಶಿಗಿಂತ ಒಳ್ಳೆಯ ಅಡಗುತಾಣ ಊರಲ್ಲಿ ಇನ್ನೊಂದಿಲ್ಲ.

ಇದಕ್ಕೆ ಗಡಿಯಾರದ ಲೆಕ್ಕವನ್ನೂ ಸೇರಿಸಿ. ಜೂನ್ ಕೊನೆಯಲ್ಲಿ ನಮ್ಮಲ್ಲಿ ಸೂರ್ಯ ಮುಳುಗುವುದು ಸಂಜೆ 6.50ರ ಸುಮಾರಿಗೆ. ನವೆಂಬರ್ ಕೊನೆಯಲ್ಲಿ 5.50ಕ್ಕೇ ಮುಳುಗುತ್ತಾನೆ. ಸ್ಕೂಲು ಬಿಡುವ ಹೊತ್ತು ಮಾತ್ರ ಬದಲಾಗುವುದಿಲ್ಲ. ನಾಲ್ಕೂವರೆಗೆ ಬಿಟ್ಟ ಮಗು ಮನೆಗೆ ಬಂದು, ಬ್ಯಾಗು ಎಸೆದು, ಏನಾದರೂ ತಿಂದು ಹೊರಗೆ ಬರುವಾಗ ಐದು. ಬೆಳಕು ಉಳಿದಿರುವುದು ಐವತ್ತು ನಿಮಿಷ. ಯಾವ ಮಗು ಐವತ್ತು ನಿಮಿಷಕ್ಕೆ ಆಟ ಮುಗಿಸುತ್ತದೆ? ಕತ್ತಲಾಗುವ ಆ ಅರ್ಧ ಗಂಟೆಯಲ್ಲೇ ಹೊಲದಿಂದ ಟ್ರ್ಯಾಕ್ಟರುಗಳು ಮರಳುವುದು, ಮಳವಳ್ಳಿಗೆ ಕೆಲಸಕ್ಕೆ ಹೋದವರ ಬೈಕುಗಳು ಊರು ಸೇರುವುದು. ಎಷ್ಟೋ ಟ್ರೇಲರುಗಳ ಹಿಂದೆ ದೀಪವಿಲ್ಲ, ಮಿನುಗುವ ಪಟ್ಟಿಯೂ ಇಲ್ಲ.

ಹೋದ ವರ್ಷ ನಮ್ಮ ಬೀದಿಯ ಹುಡುಗನೊಬ್ಬನಿಗೆ ಹೀಗೇ ಆಯಿತು. ಮೂರನೇ ಕ್ಲಾಸು. ಹುರುಳಿ ಸೊಪ್ಪಿನೊಳಗೆ ಅಡಗಿದ್ದ. ಬೈಕಿನವರು ರಾಶಿಯ ಅಂಚಿನಲ್ಲೇ ಬಂದರು. ಹಾಗೆ ಬರಲಿ, ಚಕ್ರ ಹರಿಯಲಿ ಎಂದು ತಾನೇ ಅದನ್ನು ಅಲ್ಲಿ ಹಾಕಿರುವುದು? ಬೈಕು ಜಾರಿತು, ಚಕ್ರ ಹುಡುಗನ ಮೊಣಕಾಲ ಕೆಳಗೆ ಹರಿಯಿತು. ಮೂಳೆ ಮುರಿದು ಎರಡು ತಿಂಗಳು ಮನೆಯಲ್ಲಿದ್ದ. ಬೈಕಿನವರದೂ ಮೊಣಕೈ ಕಿತ್ತುಹೋಗಿತ್ತು. ಅದೇ ಜಾಗದಲ್ಲಿ ಟ್ರ್ಯಾಕ್ಟರ್ ಬಂದಿದ್ದರೆ ಎಂದು ಅವನ ಅಜ್ಜಿ ಈಗಲೂ ಹೇಳಿಕೊಂಡು ಅಳುತ್ತಾರೆ.

ಮಾರನೇ ದಿನ ಊರಲ್ಲಿ ಆದದ್ದು ಎರಡು. ಎಲ್ಲ ಮನೆಗಳಲ್ಲೂ ಮಕ್ಕಳಿಗೆ ‘ರಸ್ತೆ ಕಡೆ ತಲೆ ಹಾಕಿದ್ರೆ ಕಾಲು ಮುರೀತೀನಿ’ ಎಂಬ ಅಪ್ಪಣೆಯಾಯಿತು. ರಸ್ತೆಗೆ ಮತ್ತೆ ಹುರುಳಿ ಬಂತು. ಮಕ್ಕಳು ಎರಡು ದಿನ ಮೊಬೈಲು ಹಿಡಿದು ಒಳಗೆ ಕೂತರು. ಮೂರನೇ ದಿನ ಅವರೂ ರಸ್ತೆಯಲ್ಲಿದ್ದರು.

ಹೊರಗೆ ಬಿಡಬೇಡಿ ಎಂಬುದು ಸುರಕ್ಷತೆಯ ಮಾತಲ್ಲ, ದೊಡ್ಡವರು ಕೈ ತೊಳೆದುಕೊಳ್ಳುವ ಮಾತು ಎಂದು ನನಗೆ ಅನ್ನಿಸುವುದು ಇದಕ್ಕೇ. ಒಳಗೇ ಇಡಬೇಕಾದ ಕಾಲವೂ ಬರುತ್ತದೆ, ಒಪ್ಪುತ್ತೇನೆ. ಪಕ್ಕದ ತಿ.ನರಸೀಪುರ ತಾಲ್ಲೂಕಿನಲ್ಲಿ 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ಚಿರತೆ ದಾಳಿಗೆ ನಾಲ್ವರು ಬಲಿಯಾದರು. ಇಬ್ಬರು ಕಾಲೇಜಿಗೆ ಹೋಗುವ ವಯಸ್ಸಿನವರು. ಕೊನೆಯವನು ಹೊರಳಹಳ್ಳಿಯ 11 ವರ್ಷದ ಹುಡುಗ, ಸಂಜೆ ಅಂಗಡಿಗೆಂದು ಹೋದವನು. ಆ ಚಳಿಗಾಲ ನಮ್ಮ ಕಡೆಯೂ ಆರು ಗಂಟೆಗೆ ಬಾಗಿಲು ಹಾಕುತ್ತಿದ್ದರು. ಹಾಕಲೇಬೇಕಿತ್ತು. ಆದರೆ ಆ ಘಟನೆಗಳಿಂದ ನನಗೆ ಅರ್ಥವಾದದ್ದು ಮಗು ಹೊರಗೆ ಇರಬಾರದು ಎಂದಲ್ಲ. ಮುಸ್ಸಂಜೆಯಲ್ಲಿ ಒಂಟಿಯಾಗಿ ಇರಬಾರದು ಎಂದು. ದೊಡ್ಡವರ ಕಣ್ಣಿಗೆ ಬೀಳುವ ಒಂದು ಜಾಗ, ಅಲ್ಲೊಂದು ದೀಪ, ಇಷ್ಟು ಬೇಕು.

ಅಂಥ ಜಾಗ ನಮ್ಮ ಊರುಗಳಲ್ಲಿ ಮೊದಲು ಇತ್ತು. ಅದರ ಹೆಸರು ಕಣ. ಇಂದು ಹೈಸ್ಕೂಲಿನ ಮಕ್ಕಳಿಗೆ ಕಣ ಎಂದರೆ ಚುನಾವಣಾ ಕಣ! ಅಜ್ಜಿ ಹೇಳುವಂತೆ, ಕೊಯ್ಲಿಗೆ ಮುಂಚೆ ಊರಂಚಿನ ಜಾಗ ಕೆತ್ತಿ, ನೀರು ಚಿಮುಕಿಸಿ, ತುಳಿದು ಗಟ್ಟಿ ಮಾಡಿ, ಸಗಣಿ ಬಳಿದು ಒಣಗಿಸುತ್ತಿದ್ದರು. ಮಧ್ಯೆ ಮೇಟಿ ನೆಟ್ಟು ಸುತ್ತಲೂ ಎತ್ತು ತುಳಿಸುವುದು, ಗುಂಡು ಎಳೆಸುವುದು. ಗಾಳಿ ನೋಡಿ ತೂರುವುದು. ರಾಶಿ ಕಾಯಲು ರಾತ್ರಿ ಗಂಡಸರು ಅಲ್ಲೇ ಮಲಗುತ್ತಿದ್ದರು. ಹಗಲು ಹೆಂಗಸರು, ಮುದುಕರು, ಕಂಕುಳಲ್ಲಿ ಕೂಸು ಎತ್ತಿಕೊಂಡವರು ಎಲ್ಲರೂ ಅಲ್ಲೇ. ಮಕ್ಕಳು ಮೆದೆ ಹತ್ತಿ ಹಾರುತ್ತಿದ್ದರು, ಬೈಸಿಕೊಳ್ಳುತ್ತಿದ್ದರು, ಮತ್ತೆ ಹತ್ತುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಅದೇ ನೆಲ ಚಿನ್ನಿದಾಂಡು, ಲಗೋರಿಗೆ. ಮಕ್ಕಳಿಗೆಂದು ಯಾರೂ ಬೇರೆ ಮೈದಾನ ಮಾಡಿಕೊಟ್ಟಿರಲಿಲ್ಲ, ಅವರನ್ನು ನೋಡಿಕೊಳ್ಳಲು ಯಾರನ್ನೂ ನೇಮಿಸಿರಲಿಲ್ಲ. ಎಲ್ಲರೂ ಅಲ್ಲೇ ಇದ್ದುದರಿಂದ ತಾನಾಗಿ ನಡೆಯುತ್ತಿತ್ತು. ಹಳೆಯದೆಲ್ಲ ಚಿನ್ನ ಎನ್ನುವವಳಲ್ಲ ನಾನು. ಆ ಕಣದಲ್ಲಿ ಎಲ್ಲ ಜಾತಿಯ ಮಕ್ಕಳೂ ಒಟ್ಟಿಗೆ ಆಡುತ್ತಿದ್ದರೇ ಎಂದು ಕೇಳಿದರೆ ಅಜ್ಜಿ ಮಾತು ಬದಲಿಸುತ್ತಾರೆ.

ಎತ್ತುಗಳು ಹೋದವು. ಊರಂಚಿನ ಕಣಗಳು ಸೈಟುಗಳಾದವು, ತೆಂಗಿನ ತೋಟಗಳಾದವು. ಒಕ್ಕಣೆ ರಸ್ತೆಗೆ ಹೋಯಿತು, ಮಕ್ಕಳು ಅದರ ಹಿಂದೆ ಹೋದರು.

ರಸ್ತೆಯಲ್ಲಿ ಒಕ್ಕಣೆ ಮಾಡಬೇಡಿ ಎಂಬ ಎಚ್ಚರಿಕೆ ಸುಗ್ಗಿಯಲ್ಲಿ ಪತ್ರಿಕೆಗಳಲ್ಲಿ ಬರುತ್ತದೆ. ಹುರುಳಿ ಸೊಪ್ಪು ಕಾರಿನ ಚಕ್ರಕ್ಕೆ ಸುತ್ತಿಕೊಂಡು ಬೆಂಕಿ ಹೊತ್ತಿದ ಸುದ್ದಿಗಳನ್ನೂ ಓದಿದ್ದೇವೆ. ರಾಶಿಗೆ ಕಾವಲೆಂದು ಇಟ್ಟ ಕಲ್ಲುಗುಂಡುಗಳು ರಾಶಿ ಎತ್ತಿದ ಮೇಲೂ ಅಲ್ಲೇ ಉಳಿದು ರಾತ್ರಿ ಬೈಕಿನವರನ್ನು ಬೀಳಿಸುತ್ತವೆ. ಇಷ್ಟೆಲ್ಲ ಗೊತ್ತಿದ್ದೂ ನಿಲ್ಲಿಸುವುದಿಲ್ಲ ಯಾಕೆ ಎಂದು ನನ್ನ ದೊಡ್ಡಪ್ಪನನ್ನು ಕೇಳಿದೆ. ‘ಕಣ ಎಲ್ಲೈತೆ ಕನವ್ವ? ತೋರ್ಸು, ನಾಳೀಕೇ ಅಲ್ಲಿಗ್ ಹಾಕ್ತೀನಿ’ ಎಂದರು. ಉತ್ತರ ಕೊಡಲು ನನ್ನ ಬಳಿ ಏನೂ ಇರಲಿಲ್ಲ. ಒಂದೆಕರೆ ರಾಗಿಗೆ ಆಳು ಹುಡುಕಿ, ಕೂಲಿ ಕೊಟ್ಟು, ಮನೆಯಂಗಳದಲ್ಲಿ ಬಡಿದು ತೆಗೆದರೆ ಗಿಟ್ಟುವುದಿಲ್ಲ. ಮಷೀನು ಬಂದಿದೆಯಲ್ಲ ಎನ್ನುವವರು ಆ ಮಷೀನು ಎಲ್ಲಿ ನಿಲ್ಲುತ್ತದೆ ಎಂದು ನೋಡಲಿ. ಅದೂ ರಸ್ತೆಯಲ್ಲೇ. ರೈತರಿಗೆ ದಂಡ ಹಾಕಿ ಎನ್ನಲು ನನಗೆ ಮನಸ್ಸಿಲ್ಲ. ಪರ್ಯಾಯ ಕೊಡದೆ ಹಾಕಿದ ದಂಡದಿಂದ ಒಂದು ಮಗುವೂ ಉಳಿಯುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ: ಪ್ರತಿ ಊರಿಗೂ ಪಂಚಾಯಿತಿಯಿಂದ ಒಂದು ಸಾರ್ವಜನಿಕ ಕಣ. ಗೋಮಾಳವೋ ಗುಂಡುತೋಪಿನ ಖಾಲಿ ಅಂಚೋ, ಊರಿಗೆ ಹತ್ತಿರವಿರುವ ಜಾಗ. ಗಟ್ಟಿ ನೆಲ, ಒಂದು ದೀಪದ ಕಂಬ, ಒಂದು ನೀರಿನ ನಲ್ಲಿ. ಮೂರು ತಿಂಗಳು ಒಕ್ಕಣೆಗೆ, ಉಳಿದ ಒಂಬತ್ತು ತಿಂಗಳು ಆಟಕ್ಕೆ. ಒಕ್ಕಣೆಯ ತಿಂಗಳುಗಳಲ್ಲೂ ಒಂದು ಮೂಲೆ ಮಕ್ಕಳಿಗೆ. ನರೇಗಾದಲ್ಲಿ ಶಾಲೆಗಳಿಗೆ ಆಟದ ಮೈದಾನ ಮಾಡಿದ ಪಂಚಾಯಿತಿಗಳಿವೆ, ಅಂದಮೇಲೆ ಇದೇನು ಆಗದ ಕೆಲಸವಲ್ಲ. ರಸ್ತೆ ಟಾರು ಕಚ್ಚಿಕೊಂಡ ರಾಗಿಯ ಬದಲು ಕಲ್ಲಿಲ್ಲದ ಮುದ್ದೆ ಸಿಗುತ್ತದೆ, ಅದು ಬೇರೆ ಲಾಭ.

ಕಣ ಆಗುವ ತನಕ ಸ್ಕೂಲಿನ ಗೇಟು ತೆಗೆಯಿರಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲೆ ಎಂದರೆ ಆಟದ ಮೈದಾನ ಇರಲೇಬೇಕು. ಮೈದಾನ ಇರುವ ಕಡೆ ನಾಲ್ಕೂವರೆಗೆ ಬೀಗ ಬೀಳುತ್ತದೆ. ಮಕ್ಕಳಿಗೆ ಅದು ಬೇಕಾಗುವ ಹೊತ್ತಿಗೇ! ಕತ್ತಲಾದ ಮೇಲೆ ಕುಡುಕರು ಬಂದು ಬಾಟಲಿ ಒಡೆಯುತ್ತಾರೆ ಎಂಬುದು ಮೇಷ್ಟ್ರ ಕಷ್ಟ, ಅದು ಸುಳ್ಳಲ್ಲ. ಹಾಗಾದರೆ ಎಸ್‌ಡಿಎಂಸಿಯ ಒಬ್ಬರ ಕೈಗೆ ಕೀಲಿ ಕೊಟ್ಟು ಆರರವರೆಗೆ ತೆಗೆದಿಡಲಿ, ಆರಕ್ಕೆ ಹಾಕಲಿ. ನಮ್ಮಂಥ ಡಿಗ್ರಿ ಓದುವ ಹುಡುಗ ಹುಡುಗಿಯರು ಸರದಿ ಮೇಲೆ ಹೋಗಿ ನಿಲ್ಲಬಹುದು. ಹೇಗಿದ್ದರೂ ಆ ಹೊತ್ತಿಗೆ ನಾವು ಬಸ್ ಸ್ಟ್ಯಾಂಡಿನಲ್ಲಿ ರೀಲ್ಸ್ ನೋಡುತ್ತ ನಿಂತಿರುತ್ತೇವೆ.

ರಸ್ತೆಗೇ ಹಾಕುವವರಿಗೂ ಒಂದೆರಡು ಮಾತು. ಊರೊಳಗಿನ ರಸ್ತೆಗೆ, ತಿರುವಿಗೆ ಹಾಕಬೇಡಿ. ಸ್ಕೂಲು ಬಿಡುವ ಮುಂಚೆ ಹುಲ್ಲು ಎತ್ತಿ ಬದಿಗೆ ಒಟ್ಟಿ, ಕಲ್ಲು ತೆಗೆಯಿರಿ. ಇನ್ನು ಹುಲ್ಲಿರುವಲ್ಲಿ ಇಲಿ, ಇಲಿಯಿರುವಲ್ಲಿ ಹಾವು. ಮಕ್ಕಳು ಒಳಗೆ ತೂರುವ ಮುಂಚೆ ಕೋಲಿನಿಂದ ಬಡಿಯುವುದನ್ನು ಕಲಿಸಿ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಮಗುವನ್ನು ನಡೆಸದೆ, ಕಚ್ಚಿದ ಕೈಕಾಲು ಅಲುಗಾಡಿಸದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. 2024ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕಾದ ಪ್ರಕರಣವೆಂದು ಘೋಷಿಸಿತು. ಹಳ್ಳಿಯವರಾದ ನಮಗೆ ಇದು ಸಣ್ಣ ವಿಷಯವಲ್ಲ.

ಕೇಳಲು ಇದೇ ಸರಿಯಾದ ಕಾಲ. ಮಕ್ಕಳ ಗ್ರಾಮಸಭೆಗಳು ಸಾಮಾನ್ಯವಾಗಿ ನಡೆಯುವುದು ನವೆಂಬರ್ 14ರ ಮಕ್ಕಳ ದಿನಾಚರಣೆಯಿಂದ ಜನವರಿವರೆಗೆ, ಅಂದರೆ ಸರಿಯಾಗಿ ಸುಗ್ಗಿಯಲ್ಲಿ. ಅಲ್ಲಿ ಮಕ್ಕಳು ಶೌಚಾಲಯ ಕೇಳುತ್ತಾರೆ, ಕಾಂಪೌಂಡು ಕೇಳುತ್ತಾರೆ, ಕುಡಿಯುವ ನೀರು ಕೇಳುತ್ತಾರೆ. ಕಣ ಎಂಬ ಪದವೇ ಗೊತ್ತಿಲ್ಲದವರು ಕಣ ಕೇಳುವುದು ಹೇಗೆ? ಅದಕ್ಕೇ ನಮ್ಮ ಬೀದಿಯ ಮಕ್ಕಳಿಗೆ ಆ ಪದವನ್ನು ಹೇಳಿಕೊಟ್ಟಿದ್ದೇನೆ. ಕಾಲು ಮುರಿದುಕೊಂಡಿದ್ದ ಹುಡುಗನೇ ಈ ಸಲ ಎದ್ದುನಿಂತು ಕೇಳುತ್ತಾನಂತೆ.

ದೊಡ್ಡಪ್ಪನಿಗೆ ಈಗಲೇ ಇನ್ನೊಂದು ಚಿಂತೆ. ಕಣ ಆದರೆ ಮೊದಲ ಸರದಿ ಯಾರದು, ಹುರುಳಿಯವರದೋ ರಾಗಿಯವರದೋ ಎಂದು ಜಗುಲಿಯ ಮೇಲೆ ಕೂತು ವಾದ ಮಾಡುತ್ತಾರೆ. ಭಾನುವಾರ ಮಾತ್ರ ಯಾರಿಗೂ ಕೊಡುವಂತಿಲ್ಲ ಎಂದು ಮಕ್ಕಳು ಹೇಳಿಬಿಟ್ಟಿದ್ದಾರೆ.